ಅಳಿಸಿದ ಸಾಲು, ಕುಸಿದ ಚಾವಣಿ

ಚಾಮರಾಜಪೇಟೆಯ ನಮ್ಮ ವಾಚನಾಲಯದ ಚಾವಣಿ ತಾನಾಗಿ ಕುಸಿಯಲಿಲ್ಲ. ಅದನ್ನು ಕುಸಿಯಲು ಬಿಟ್ಟವರಿದ್ದಾರೆ. ಮಳೆಗಾಲದಿಂದ ಮಳೆಗಾಲಕ್ಕೆ ಅಗಲವಾಗುತ್ತಿದ್ದ ಒದ್ದೆಯ ಕಲೆಯನ್ನು ಓದುಗರು ತೋರಿಸಿದಾಗಲೆಲ್ಲ ವಾಚನಾಲಯ ನಡೆಸುವ ಟ್ರಸ್ಟಿನ ಪದಾಧಿಕಾರಿಗಳು ತಲೆಯಾಡಿಸಿದರು. ಕೊನೆಗೊಮ್ಮೆ, ವಾರ್ಷಿಕೋತ್ಸವಕ್ಕೆ ಗಣ್ಯರು ಬರುತ್ತಾರೆಂಬ ಕಾರಣಕ್ಕೆ, ಕಲೆಯ ಕೆಳಗೆ ಬಿಳಿಯ ಫಾಲ್ಸ್ ಸೀಲಿಂಗ್ ಹೊಡೆಸಿ, ಅದರಲ್ಲಿ ಪುಟ್ಟ ದೀಪಗಳನ್ನು ಸಿಕ್ಕಿಸಿ, ಕಲೆಯೇ ಕಾಣದಂತೆ ಮಾಡಿದರು. ಮೇಲೆ ಮರದ ತೊಲೆಗಳು ಕೊಳೆಯುತ್ತಲೇ ಇದ್ದವು, ಕೆಳಗೆ ವಯಸ್ಸಾದವರು ಕೂತು ಕಥೆ ಕೇಳುತ್ತಲೇ ಇದ್ದರು. ಚಾವಣಿ ಬಿದ್ದ ಸಂಜೆ ಒಬ್ಬರೂ ಸಾಯಲಿಲ್ಲ. ಆ ಒಂದು ಸಂಗತಿಯನ್ನೇ ಈಗ ಅದೇ ಪದಾಧಿಕಾರಿಗಳು ತಮ್ಮ ಸಮರ್ಥನೆಯಾಗಿ ಬಳಸುತ್ತಿದ್ದಾರೆ. ಆದ್ದರಿಂದ ಆ ಸಂಜೆ ನಡೆದದ್ದನ್ನು ನಾನು ಬರೆಯಲೇಬೇಕಾಗಿದೆ.

ಬರೆಯಲು ನನಗೊಂದು ತೊಡಕಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಂಜೆ ನಮ್ಮನ್ನೆಲ್ಲ ಹೊರಗೆ ಎಬ್ಬಿಸಿಕೊಂಡು ಬಂದದ್ದು ಏನೆಂದು ನನಗೆ ಇಂದಿಗೂ ತಿಳಿದಿಲ್ಲ. ನಾನು ಇಂಥದ್ದನ್ನು ನಂಬುವವಳಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿದೆ. ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸದಲ್ಲಿ ಜೀವನ ಸವೆಸಿದ ಅಪ್ಪ ತಾಯತ, ದೃಷ್ಟಿಬೊಂಬೆ, ಶಕುನಗಳಿಗೆ ಹೊಸ್ತಿಲೊಳಗೆ ಜಾಗ ಕೊಟ್ಟವರಲ್ಲ. ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿ ಸೇರಿ, ಪರೀಕ್ಷೆ ಬರೆದು ಗುಮಾಸ್ತೆಯಾದ ಅಮ್ಮನಿಗೆ ದೆವ್ವಗಳ ಬಗ್ಗೆ ಯೋಚಿಸಲು ಪುರುಸೊತ್ತೇ ಇರಲಿಲ್ಲ. ಕನ್ನಡ ಎಂ.ಎ. ಓದುತ್ತಿದ್ದಾಗ ನಾನು ಪತ್ರಿಕೆಗಳಲ್ಲಿ ಬರುವ ‘ವಿಚಿತ್ರ ಅನುಭವ’ಗಳನ್ನು ಅಣಕಿಸಿ ಒಂದು ಲೇಖನವನ್ನೇ ಬರೆದಿದ್ದೆ. ಇವೆಲ್ಲ ಕರೆಂಟು ಹೋದಾಗಲೇ ಏಕೆ ಘಟಿಸುತ್ತವೆ, ಅನುಭವಿಸಿದವರು ಒಂಟಿಯಾಗಿಯೇ ಏಕೆ ಇರುತ್ತಾರೆ ಎಂದು ಅದರಲ್ಲಿ ಕೇಳಿದ್ದೆ. ನಾನೀಗ ಹೇಳಲಿರುವ ಸಂಜೆ ಕರೆಂಟು ಇತ್ತು. ನಾನು ಒಂಟಿಯಾಗಿಯೂ ಇರಲಿಲ್ಲ.

ನಮ್ಮ ವಾಚನಾಲಯದಲ್ಲಿ ಹಳೆಯ ಪದ್ಧತಿಯೊಂದಿದೆ. ಭಾನುವಾರ ಸಂಜೆ, ಇನ್ನೂ ಅಚ್ಚಾಗದ ಒಂದು ಕೃತಿಯ ಒಂದು ಅಧ್ಯಾಯವನ್ನು ಅಲ್ಲಿ ಗಟ್ಟಿಯಾಗಿ ಓದುತ್ತಾರೆ. ಆದರೆ ಬರೆದವರು ಓದುವಂತಿಲ್ಲ. ಓದುವವರು ಬೇರೆ. ಬರೆದವರು ಸಭಾಂಗಣದ ಕಟ್ಟಕಡೆಯ ಕುರ್ಚಿಯಲ್ಲಿ, ಕೇಳುಗರಿಗೆ ಬೆನ್ನು ಮಾಡಿ, ಪುಸ್ತಕದ ಬೀರುವಿನ ಕಡೆ ಮುಖ ಮಾಡಿ ಕೂರಬೇಕು. ಯಾರು ನಕ್ಕರು, ಯಾರು ತೂಕಡಿಸಿದರು ಎಂದು ತಿರುಗಿ ನೋಡಬಾರದು. ಏನನ್ನೂ ವಿವರಿಸಬಾರದು. ಅಚ್ಚಾದ ಪುಸ್ತಕ ನೂರಾರು ಮನೆಗಳಿಗೆ ಹೋಗುತ್ತದೆ, ಆ ಮನೆಗಳಲ್ಲೆಲ್ಲ ಓದುಗರ ಪಕ್ಕದಲ್ಲಿ ಕೂತು ‘ನಾನು ಹೇಳಹೊರಟದ್ದು ಇದು’ ಎನ್ನಲು ಲೇಖಕರಿಗೆ ಸಾಧ್ಯವಿಲ್ಲವಷ್ಟೆ; ಆ ಅಸಹಾಯಕತೆಯನ್ನು ಮೊದಲೇ ರೂಢಿ ಮಾಡಿಸುವ ಕ್ರಮವಿದು. ವಿಶ್ವವಿದ್ಯಾಲಯದಲ್ಲಿ ನಾನು ಕಲಿತ ವಿಮರ್ಶೆಗಿಂತ ಹೆಚ್ಚು ಪಾಠವನ್ನು ಆ ಬೀರುವಿನ ಗಾಜು ನನಗೆ ಕಲಿಸಿದೆ.

ಇನ್ನೊಂದು ಕಟ್ಟುಪಾಡೂ ಇತ್ತು, ಈ ಬರಹಕ್ಕೆ ಅದು ಮುಖ್ಯ. ಅಧ್ಯಾಯ ಮುಗಿಯುವವರೆಗೆ ಯಾರೂ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಫೋನು ಬಂದರೂ ಇಲ್ಲ, ಕಾಫಿ ಬಂದರೂ ಇಲ್ಲ. ಓದುವವರೇ ಎದ್ದುನಿಂತರೆ ಮಾತ್ರ, ತರಗತಿಯಲ್ಲಿ ಮೇಷ್ಟರು ಎದ್ದಾಗ ಎದ್ದಂತೆ, ಎಲ್ಲರೂ ಏಳಬಹುದು. ಓದುತ್ತಿದ್ದವರು ಲಲಿತಮ್ಮ ಟೀಚರ್. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರು ಅಧ್ಯಾಯದ ನಡುವೆ ಎದ್ದದ್ದನ್ನು ನಾನಂತೂ ಕಂಡಿರಲಿಲ್ಲ.

ಕೇಳುಗರಲ್ಲಿ ಇಬ್ಬರನ್ನು ನೀವು ತಿಳಿದಿರಬೇಕು. ಒಬ್ಬರು ವಿಶಾಲಾಕ್ಷಮ್ಮ. ಬಸವನಗುಡಿಯಿಂದ ಆಟೋ ಮಾಡಿಕೊಂಡು ಬರುತ್ತಿದ್ದರು. ಚಿಕ್ಕ ವಯಸ್ಸಿನಿಂದ ಕಾದಂಬರಿಗಳ ಹುಚ್ಚು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಅವರಿಗೆ ಉಳಿದಿದ್ದ ಪುಸ್ತಕವೆಂದರೆ ಭಾನುವಾರದ ಈ ಓದು ಒಂದೇ. ಟೀಚರ್ ದನಿ ಚೆನ್ನಾಗಿ ಕೇಳಲೆಂದು ಅವರಿಗೆ ಸಭಾಂಗಣದ ನಡುಮಧ್ಯದ ಕುರ್ಚಿಯನ್ನು ಮೀಸಲಿಟ್ಟಿದ್ದೆವು. ನಾವು ಪ್ರೀತಿಯಿಂದ ಕೊಟ್ಟಿದ್ದ ಆ ಜಾಗ ಅತ್ಯಂತ ಕೊಳೆತ ತೊಲೆಯ ನೇರ ಕೆಳಗಿತ್ತೆಂಬುದು ಆಮೇಲೆ ತಿಳಿಯಿತು. ಇನ್ನೊಬ್ಬರು ಮುನಿರಾಜಪ್ಪನವರು, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾಗಿ ಹನುಮಂತನಗರದಲ್ಲಿ ಮಗಳ ಮನೆಯಲ್ಲಿದ್ದವರು. ಒಂದು ಸಾಲು ಹಿಡಿಸದಿದ್ದರೆ, ಬಸ್ಸು ನಿಲ್ಲಿಸಲು ಕೂಗುತ್ತಿದ್ದಂತೆ, ‘ಹೋಲ್ಡಾನ್’ ಎಂದು ಮೆಲ್ಲಗೆ ಹೇಳುವುದು ಅವರ ಅಭ್ಯಾಸ. ಬೀರುವಿಗೆ ಮುಖ ಮಾಡಿ ಕೂತ ಲೇಖಕರು ಆ ಒಂದು ಪದಕ್ಕೆ ಎಷ್ಟು ಹೆದರುತ್ತಿದ್ದರೆಂಬುದನ್ನು ಅಲ್ಲಿ ಕೂತವರೇ ಬಲ್ಲರು.

ಆ ಭಾನುವಾರ ಓದಬೇಕಿದ್ದುದು ನನ್ನ ಮೊದಲ ಕಾದಂಬರಿಯ ಒಂದು ಅಧ್ಯಾಯ. ದುಡಿಯುವ ಒಬ್ಬ ತಾಯಿ, ಓದುವ ಒಬ್ಬ ಮಗಳು, ಅವರ ಒಂದು ಕೋಣೆಯ ಮನೆ, ಇಷ್ಟೇ ಕಥೆ. ಅದನ್ನು ನಾನು ಬಹಳ ಬಿಗಿಯಾಗಿ ಕಟ್ಟಿದ್ದೆ. ನಮ್ಮಂಥ ಮನೆಗಳಿಂದ ಬಂದವರು ಬರೆದಾಗ ‘ಅನುಭವ ಇದೆ, ಭಾಷೆ ಇಲ್ಲ’ ಎಂದು ಬೆನ್ನು ತಟ್ಟುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರಿಗೆ ಅಂಥ ಅವಕಾಶ ಕೊಡಬಾರದೆಂಬ ಹಟ ನನ್ನದು. ಒಂದೊಂದು ವಾಕ್ಯವನ್ನೂ ತೂಗಿ, ಒರೆಗೆ ಹಚ್ಚಿ ಇಟ್ಟಿದ್ದೆ. ಆದರೆ ಆ ಅಧ್ಯಾಯದಲ್ಲಿ ಒಂದು ಕಡೆ ನನ್ನ ಕೈ ತಪ್ಪಿ ನಮ್ಮ ಮನೆಯ ಮಾತು ಬಂದುಬಿಟ್ಟಿತ್ತು. ಯಾವಾಗಲೂ ಕತ್ತಲಾದ ಮೇಲೆ ಬರುವ ತಾಯಿ ಅಂದು ಬೇಗ ಬರುತ್ತಾಳೆ; ಒಳಗೆ ಬರದೆ ಬೀದಿಯಲ್ಲೇ ನಿಂತು ಮಗಳನ್ನು ಕೂಗುತ್ತಾಳೆ. ಮೂರು ನಾಲ್ಕು ಸಾಲು. ಹಿಂದಿನ ರಾತ್ರಿ ಅದನ್ನು ಓದಿಕೊಂಡಾಗ ಸುತ್ತಲಿನ ಗದ್ಯಕ್ಕೆ ಅದು ಹೊಂದುತ್ತಿಲ್ಲವೆನಿಸಿತು. ಭಾವುಕವಾಯಿತೆನಿಸಿತು. ಅಳಿಸಿಬಿಟ್ಟೆ.

ಕಾಗದದ ಮೇಲೆ ಬರೆಯುತ್ತಿದ್ದವರು ಹೊಡೆದುಹಾಕಿದ ಸಾಲು ಗೀಟಿನ ಅಡಿಯಲ್ಲಿ ಹಾಗೇ ಇರುತ್ತಿತ್ತು. ಬೇಕೆಂದಾಗ ಕಣ್ಣು ಕಿರಿದು ಮಾಡಿ ಓದಬಹುದಿತ್ತು. ಲ್ಯಾಪ್‌ಟಾಪಿನಲ್ಲಿ ಅಳಿಸಿದ ಸಾಲಿಗೆ ಗುರುತೂ ಇರುವುದಿಲ್ಲ. ಆ ಸಾಲುಗಳನ್ನು ನಾನು ಯಾರಿಗೂ ಓದಿ ಹೇಳಿರಲಿಲ್ಲ, ಯಾರಿಗೂ ಕಳುಹಿಸಿರಲಿಲ್ಲ. ಮರುದಿನ ಬೆಳಿಗ್ಗೆ, ಅವು ಇಲ್ಲದ ಅಧ್ಯಾಯವನ್ನು ಗಾಂಧಿಬಜಾರಿನ ಅಂಗಡಿಯೊಂದರಲ್ಲಿ ಪ್ರಿಂಟು ತೆಗೆಸಿ ಟೀಚರ್ ಕೈಗೆ ಕೊಟ್ಟೆ. ಇದ್ದದ್ದು ಆ ಒಂದೇ ಪ್ರತಿ.

ಕಾರ್ತೀಕ ಮಾಸ. ಬಸವನಗುಡಿಯ ಫುಟ್‌ಪಾತುಗಳ ಮೇಲೆ ಕಡಲೆಕಾಯಿಯ ರಾಶಿ ಬಿದ್ದಿದ್ದ ದಿನಗಳು. ಮುನಿರಾಜಪ್ಪನವರು ಬೇಯಿಸಿದ್ದೊಂದಿಷ್ಟು, ಹುರಿದದ್ದೊಂದಿಷ್ಟು ಚೀಲದಲ್ಲಿ ತಂದು ಕುರ್ಚಿಯ ಕೆಳಗೆ ಇಟ್ಟುಕೊಂಡಿದ್ದರು. ನಾನು ಬೀರುವಿನ ಕಡೆ ತಿರುಗಿ ಕೂತೆ. ಓದು ಶುರುವಾಯಿತು. ಒಂದೆರಡು ಪುಟಗಳಾಗಿರಬೇಕು, ‘ಚಟ್’ ಎಂದು ಸದ್ದಾಯಿತು. ಟೀಚರ್ ನಿಲ್ಲಿಸಿದರು.

“ಮುನಿರಾಜಪ್ಪೋರೇ, ಅಧ್ಯಾಯ ಮುಗಿಯೋವರ್ಗೂ ಕಡ್ಲೆಕಾಯಿ ಮುಟ್ಟಬೇಡಿ ಅಂತ ಹೇಳಿದ್ನೋ ಇಲ್ವೋ?”

“ನಾನಲ್ಲ ಟೀಚರೇ.”

“ಮತ್ತಿನ್ಯಾರು, ಪುಸ್ತಕದ ಬೀರುನಾ?”

ಎಲ್ಲರೂ ನಕ್ಕರು. ಓದು ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ‘ಚಟ್’. ಈ ಸಲ ಟೀಚರ್ ಚೀಲವನ್ನು ತರಿಸಿ ತಮ್ಮ ಮೇಜಿನ ಮೇಲೆ ಇಡಿಸಿಕೊಂಡರು. ಕೂತವರು ಕೈಯಿಂದ ಕೈಗೆ ದಾಟಿಸಿದರಂತೆ, ಕುರ್ಚಿ ಬಿಟ್ಟು ಯಾರೂ ಏಳಲಿಲ್ಲ. ಚೀಲ ಮೇಜಿನ ಮೇಲಿದ್ದಾಗಲೇ ಮೂರನೆಯ ಸಲ ಸದ್ದು ಬಂತು, ಕೊಂಚ ದೊಡ್ಡದಾಗಿ.

“ಜೇಬಲ್ಲಿ ಬೇರೆ ತುಂಬ್ಕೊಂಡಿದೀರಾ? ಈ ವಯಸ್ಸಲ್ಲಿ ನಾಚ್ಕೆ ಆಗಲ್ವಾ?” ಎಂದರು ಟೀಚರ್.

“ನನ್ ಮಗಳಾಣೆ, ಜೇಬಲ್ಲಿ ಬಸ್ ಪಾಸ್ ಬಿಟ್ರೆ ಏನಿಲ್ಲ!”

ನಕ್ಕೂ ನಕ್ಕೂ ವಿಶಾಲಾಕ್ಷಮ್ಮನವರಿಗೆ ಕೆಮ್ಮು ಬಂತು. ನಾನೂ ಬೀರುವಿನ ಕಡೆ ಮುಖ ಮಾಡಿಕೊಂಡೇ ನಕ್ಕೆ. ನಮ್ಮ ತಲೆಯ ಮೇಲೆ ತೊಲೆ ಬಿರಿಯುತ್ತಿತ್ತು, ನಾವು ಒಬ್ಬ ಹಿರಿಯರನ್ನು ಕಡಲೆಕಾಯಿ ಕಳ್ಳನನ್ನಾಗಿ ಮಾಡಿ ನಗುತ್ತಿದ್ದೆವು. ಆ ಕಲೆ ಕಣ್ಣಿಗೆ ಕಾಣುವಂತಿದ್ದಿದ್ದರೆ ನಮ್ಮಲ್ಲಿ ಯಾರಾದರೂ ಒಬ್ಬರು ಖಂಡಿತ ತಲೆಯೆತ್ತಿ ನೋಡುತ್ತಿದ್ದರು. ನಮ್ಮ ಮೇಲಿದ್ದುದು ಹಾಲಿನಷ್ಟು ಬಿಳುಪಾದ ಹಲಗೆ, ಅದರಲ್ಲಿ ಉರಿಯುವ ಪುಟ್ಟ ದೀಪಗಳು. ಅನುಮಾನಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಟೀಚರ್ ಓದುತ್ತ ಓದುತ್ತ, ನಾನು ಸಾಲುಗಳನ್ನು ಅಳಿಸಿದ್ದ ಜಾಗಕ್ಕೆ ಬಂದರು. ಆ ಜಾಗ ನನಗೆ ಗೊತ್ತು. ಅಲ್ಲಿ ಮಗಳು ಒಲೆಯ ಮುಂದೆ ಕೂತಿದ್ದಾಳೆ, ಪ್ಯಾರಾ ಮುಗಿಯುತ್ತದೆ. ಟೀಚರ್ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಆ ಬಿಡುವಿನಲ್ಲಿ, ಹೊರಗಿನ ಜಗಲಿಯ ಕಡೆಯಿಂದ, ಒಂದು ದನಿ ಮುಂದಿನದನ್ನು ಓದಿತು.

ಗಟ್ಟಿಯಾದ ದನಿಯಲ್ಲ. ಅವಸರವೂ ಇರಲಿಲ್ಲ. ‘ಅಷ್ಟರಲ್ಲಿ ಬೀದಿಯಿಂದ ಅವ್ವ ಕೂಗಿದಳು’ ಎಂದು ಮೊದಲ ವಾಕ್ಯ. ಆಮೇಲೆ ಆ ಕೂಗು: “ಆಚೆ ಬಾರೇ ಮಗಳೇ. ಬೆಳಕಿರೋವಾಗ್ಲೇ ಒಂದ್ಸಲ ನಿನ್ ಮುಖ ನೋಡ್ಬಿಡ್ತೀನಿ. ಒಲೆ ಆಮೇಲೆ ಹಚ್ಚೀಯಂತೆ. ಆಚೆ ಬಾ.”

ನಾನು ಅಳಿಸಿದ್ದ ಸಾಲುಗಳು ಅವು. ಒಂದಕ್ಷರ ಆಚೀಚೆ ಇಲ್ಲ.

ನನ್ನ ಬೆನ್ನ ಹಿಂದೆ ಟೀಚರ್ ಕಾಗದ ತಿರುವಿದ ಸದ್ದು ಕೇಳಿಸಿತು. ಆ ಸಾಲುಗಳು ತಮ್ಮ ಪುಟದಲ್ಲಿಲ್ಲವೆಂದು ಅವರು ಒಮ್ಮೆ ಖಚಿತಪಡಿಸಿಕೊಂಡಿರಬೇಕು. ಜೀವಮಾನವೆಲ್ಲ ತರಗತಿಯಲ್ಲಿ ಅಡ್ಡ ಬಾಯಿ ಹಾಕುವವರನ್ನು ನೋಡಿದ್ದ ಅವರಿಗೆ ಬಂದದ್ದು ಭಯವಲ್ಲ, ಕೋಪ. “ಯಾರ್ರೀ ಅದು ಆಚೆ? ನಾನೋದ್ತಿರೋವಾಗ ಯಾರದು ಓದ್ತಿರೋದು?” ಎನ್ನುತ್ತ ಕುರ್ಚಿ ಸರಿಸಿ ಎದ್ದೇಬಿಟ್ಟರು. ಅವರು ಎದ್ದರೆಂದ ಮೇಲೆ ಎಲ್ಲರೂ ಎದ್ದರು. ಅವರು ಬಾಗಿಲ ಕಡೆ ನಡೆದರೆಂದ ಮೇಲೆ ಎಲ್ಲರೂ ನಡೆದರು. ವಿಶಾಲಾಕ್ಷಮ್ಮನವರನ್ನು ಯಾರೋ ಕೈಹಿಡಿದು ಕರೆದೊಯ್ದರು. ಓದನ್ನು ಕೆಡಿಸಿದವರಾರೆಂದು ನೋಡುವ ಕುತೂಹಲದಲ್ಲಿ ಸಭಾಂಗಣವೇ ಖಾಲಿಯಾಯಿತು.

ನಾನೊಬ್ಬಳು ಏಳಲಿಲ್ಲ. ಕರೆಯುವವರೆಗೆ ಲೇಖಕರು ತಿರುಗಬಾರದೆಂಬ ಪದ್ಧತಿಗೆ ಅಂಟಿಕೊಂಡು ಕೂತೆನೆಂದರೆ ಅದು ಸುಳ್ಳು. ಆ ಸಾಲುಗಳು ನನ್ನ ಬಾಯಿಂದಲೇ ಬಂದವೇನೋ ಎಂದು ಬೀರುವಿನ ಗಾಜಿನಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದೆ. ಮುನಿರಾಜಪ್ಪನವರು ಬಾಗಿಲಿನಿಂದ ತಿರುಗಿ ಬಂದು ನನ್ನ ರಟ್ಟೆ ಹಿಡಿದರು.

“ಏನಮ್ಮಾ ಹಿಂಗ್ ಕೂತಿದೀಯ? ನಿನ್ ಕತೆನ ಯಾವನೋ ಟೀಚರ್‌ಗಿಂತ ಮುಂಚೆ ಓದ್ತಾವ್ನೆ. ಬಾ ಆಚೆ, ಹಿಡಿಯಾನ!”

ನಾವಿಬ್ಬರೂ ಜಗಲಿಗೆ ಬಂದೆವು. ಹೊರಗೆ ಇನ್ನೂ ತಿಳಿಬೆಳಕಿತ್ತು. ಜಗಲಿಯಲ್ಲಿ ಯಾರೂ ಇರಲಿಲ್ಲ. ಗೇಟಿನ ಬಳಿ ಯಾರೂ ಇರಲಿಲ್ಲ. ಟೀಚರ್ ಸೊಂಟಕ್ಕೆ ಕೈಯಿಟ್ಟು ನಿಂತು, ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಕೂಗಿ ಕೇಳುತ್ತಿದ್ದರು: “ಇಲ್ಲಿಂದ ಯಾರಾದ್ರೂ ಓಡಿಹೋದ್ರೇನಪ್ಪಾ?” ಆತ ಕೈಯಾಡಿಸಿ ಇಲ್ಲವೆಂದ. ಆ ಕೈ ಇನ್ನೂ ಇಳಿದಿರಲಿಲ್ಲ, ನಮ್ಮ ಹಿಂದೆ ಸಭಾಂಗಣದ ಚಾವಣಿ ಕುಸಿಯಿತು.

ಆ ಸದ್ದನ್ನು ವರ್ಣಿಸುವುದಿಲ್ಲ. ಬಾಗಿಲಿನಿಂದ ಸುಣ್ಣ, ಗಾರೆ, ಹಳೆಯ ಧೂಳು ಹೊಗೆಯಂತೆ ಹೊರಬಂದು ನಮ್ಮೆಲ್ಲರನ್ನೂ ಮುಚ್ಚಿತು. ಅದು ತಿಳಿಯಾದಾಗ ಒಳಗೆ ಮುರಿದ ತೊಲೆ, ಇಟ್ಟಿಗೆ, ಬಿಳಿಯ ಹಲಗೆಯ ಚೂರುಗಳು ಕಂಡವು. ಕುರ್ಚಿಗಳು ಕಾಣಲಿಲ್ಲ.

ಮುಂದಿನ ಕೆಲವು ನಿಮಿಷಗಳನ್ನು ನೆನೆದರೆ ಈಗಲೂ ನನ್ನ ಎದೆ ಹಗುರಾಗುತ್ತದೆ. ಟೀಚರ್ ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಎಣಿಸುವಂತೆ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. ಎಣಿಕೆ ತಪ್ಪಿರಬಹುದೆಂದು ಮತ್ತೆ ಎಣಿಸಿದರು. ಆಮೇಲೆ ತಮ್ಮನ್ನೇ ಎಣಿಸದೆ ಬಿಟ್ಟದ್ದು ನೆನಪಾಗಿ ಅಳತೊಡಗಿದರು. ಎಲ್ಲರೂ ಇದ್ದರು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ತಲೆಯಿಂದ ಕಾಲಿನವರೆಗೆ ಬಿಳಿಯಾಗಿ ಫುಟ್‌ಪಾತಿನ ಮೇಲೆ ಕೂತಿದ್ದ ನಮ್ಮನ್ನು ನೋಡಿ ದಾರಿಹೋಕರು ನಿಂತರು. ಮೂಲೆಯ ದರ್ಶಿನಿ ಹೋಟೆಲಿನಿಂದ ಯಾರೋ ಕಾಫಿ ತಂದರು. “ನನ್ ಕಡ್ಲೆಕಾಯೆಲ್ಲ ಒಳಗೇ ಹೋಯ್ತಲ್ಲಪ್ಪೋ” ಎಂದರು ಮುನಿರಾಜಪ್ಪನವರು. ಆಗ ಎದ್ದ ನಗುವಿನಂಥ ನಗುವನ್ನು ನಾನು ಬೇರೆಲ್ಲೂ ಕೇಳಿಲ್ಲ. ವಿಶಾಲಾಕ್ಷಮ್ಮ ಮಾತ್ರ ನಗದೆ ನನ್ನ ಕೈ ಹಿಡಿದುಕೊಂಡು, “ಆ ಮಗು ಆಚೆ ಬಂತಾ ಕೊನೇಗೆ?” ಎಂದರು. ನನಗೆ ಅರ್ಥವಾಗಲಿಲ್ಲ. “ನಿನ್ ಕತೆಯ ಮಗು ಕಣೇ. ಅಮ್ಮ ಕರೆದಳಲ್ಲ. ಬಂತಾ?” ಬಂತು ಎಂದೆ.

ವಾರಗಟ್ಟಲೆ ನಾನು ಕಾರಣ ಹುಡುಕಿದೆ. ಯಾರದಾದರೂ ಫೋನಿನಿಂದ ಬಂದ ದನಿಯೇ? ಹಾಗಿದ್ದರೆ ಆ ಫೋನಿಗೆ ನನ್ನ ಸಾಲುಗಳು ಹೇಗೆ ಹೋದವು? ಪ್ರಿಂಟಿನ ಅಂಗಡಿಯವರು ಓದಿದ್ದರೇ? ಅವರಿಗೆ ಕೊಟ್ಟ ಪ್ರತಿಯಲ್ಲಿ ಆ ಸಾಲುಗಳೇ ಇರಲಿಲ್ಲ. ನನಗೇ ತಿಳಿಯದಂತೆ ನಾನೇ ಅವನ್ನು ಗಟ್ಟಿಯಾಗಿ ಹೇಳಿಬಿಟ್ಟೆನೇ? ಇದೊಂದು ಸಾಧ್ಯತೆಯನ್ನು ನಾನು ಬಹಳ ದಿನ ಅಪ್ಪಿಕೊಂಡಿದ್ದೆ. ನನ್ನ ಅಧ್ಯಾಯವನ್ನು ಬೇರೆಯವರ ದನಿಯಲ್ಲಿ ಕೇಳುತ್ತ, ಕತ್ತರಿಸಿದ ಜಾಗ ಬಂದಾಗ ತುಟಿ ಅಲುಗಿರಬಹುದು. ಆದರೆ ನಾನಿದ್ದದ್ದು ಸಭಾಂಗಣದ ಹಿಂದಿನ ಗೋಡೆಯ ಬಳಿ. ದನಿ ಬಂದದ್ದು ಮುಂದಿನ ಜಗಲಿಯಿಂದ. ಎಲ್ಲರೂ ಎದ್ದು ಹೋದದ್ದು ಆ ಕಡೆಗೇ.

ಕೇಳಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಹೆಂಗಸಿನ ದನಿ ಎಂದರು ಕೆಲವರು. ಅಲ್ಲ, ವಯಸ್ಸಾದ ಗಂಡಸಿನದು ಎಂದರು ಮುನಿರಾಜಪ್ಪನವರು. ಟೀಚರ್ ಬಹಳ ಹಿಂಜರಿದು, ಅದು ತಮ್ಮದೇ ದನಿಯಂತಿತ್ತು, ಅದಕ್ಕೇ ಅಷ್ಟು ಸಿಟ್ಟು ಬಂತು ಎಂದರು. ಎಲ್ಲರೂ ಒಪ್ಪಿದ ಸಂಗತಿ ಒಂದೇ, ಅದನ್ನು ಚೆನ್ನಾಗಿ ಹೇಳಿದವರು ವಿಶಾಲಾಕ್ಷಮ್ಮ: “ಮಾತಾಡೋ ದನಿ ಅಲ್ಲ ಕಣೇ ಅದು, ಓದೋ ದನಿ. ಇಷ್ಟು ವರ್ಷ ಕೇಳ್ಕೊಂಡೇ ಕೂತಿದೀನಿ, ನಂಗೆ ಅಷ್ಟೂ ಗೊತ್ತಾಗಲ್ವಾ?”

ಕೊನೆಗೆ ಅಮ್ಮನನ್ನು ಕೇಳಿದೆ. ನಾನು ಸ್ವಂತ ಕಲ್ಪಿಸಿದೆನೆಂದುಕೊಂಡ ಮಾತನ್ನು ಎಂದೋ ಅಮ್ಮನೇ ಆಡಿರಬಹುದು, ಅಲ್ಲಿಂದ ಏನಾದರೂ ಎಳೆ ಸಿಗಬಹುದು ಎಂದು. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. “ನಾನೆಲ್ಲಿ ಹಂಗಂದೆ? ಬೆಳಕಿರೋವಾಗ ನಾನ್ಯಾವತ್ತು ಮನೆಗೆ ಬಂದಿದ್ದೆ?” ಎಂದಳು. ಹೆಚ್ಚಿದ್ದನ್ನು ಪಾತ್ರೆಗೆ ಹಾಕುತ್ತ, “ಅನ್ಬೇಕು ಅಂತ ಮಾತ್ರ ದಿನಾ ಅನ್ನಿಸ್ತಿತ್ತು” ಎಂದಳು. ನನ್ನ ವಿಚಾರಣೆ ಅಲ್ಲಿಗೆ ನಿಂತಿತು. ಅದರಿಂದ ಏನೂ ಸಾಬೀತಾಗುವುದಿಲ್ಲವೆಂದು ನನಗೆ ಗೊತ್ತು. ನನ್ನಲ್ಲಿ ಇನ್ನು ಕೇಳಲು ಪ್ರಶ್ನೆಯೂ ಉಳಿದಿರಲಿಲ್ಲ.

ಆ ಸಾಲುಗಳನ್ನು ಅಧ್ಯಾಯಕ್ಕೆ ಮರಳಿ ಸೇರಿಸಿದೆ. ಸೇರಿಸಿದ ಮೇಲೆ ಅವುಗಳ ಸುತ್ತಲಿನ ಗದ್ಯವೇ ಬಿಗಿದುಕೊಂಡಂತೆ ಕಾಣತೊಡಗಿತು, ಅದನ್ನೂ ಸಡಿಲಿಸಿದೆ. ಒಂದು ಭಾಷೆಯನ್ನು ಗಳಿಸಿಕೊಳ್ಳಲು ಇನ್ನೊಂದನ್ನು ಮನೆಯಲ್ಲೇ ಕೂಡಿಹಾಕಬೇಕೆಂದು ನನಗೆ ಯಾರೂ ನೇರವಾಗಿ ಹೇಳಿಕೊಟ್ಟಿರಲಿಲ್ಲ, ನಾನೇ ಕಲಿತುಕೊಂಡಿದ್ದೆ. ಕಾದಂಬರಿ ಈಗ ಮುಗಿದಿದೆ. ನಮ್ಮ ಭಾನುವಾರದ ಓದೂ ನಿಂತಿಲ್ಲ. ಟೀಚರ್ ಇರುವ ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಡೆಯುತ್ತಿದೆ. ಬೀರು ಇಲ್ಲದ್ದರಿಂದ ನಾನು ಯಾರದೋ ಕಾರಿನ ಹಿಂಬದಿಯ ಗಾಜಿಗೆ ಮುಖ ಮಾಡಿ ಕೂತಿದ್ದಾಗ ಟೀಚರ್ ಆ ಅಧ್ಯಾಯವನ್ನು ಮತ್ತೊಮ್ಮೆ, ಪೂರ್ತಿಯಾಗಿ ಓದಿದರು. ಆ ಸಾಲುಗಳು ಬಂದಾಗ ಎಲ್ಲರೂ ಒಮ್ಮೆ ಮೇಲೆ ನೋಡಿದರಂತೆ, ಆಮೇಲೆ ಗೇಟಿನ ಕಡೆ ನೋಡಿದರಂತೆ. ಏನೂ ಆಗಲಿಲ್ಲ. ಮುನಿರಾಜಪ್ಪನವರು ‘ಹೋಲ್ಡಾನ್’ ಎನ್ನಲಿಲ್ಲ.

ಇನ್ನು ಟ್ರಸ್ಟಿನ ವಿಷಯ. ಕುಸಿದ ಮರುದಿನವೇ ಕಾರ್ಯದರ್ಶಿಗಳು ಬಂದು ನೋಡಿದರು. ಕೆಲವು ದಿನಗಳಲ್ಲಿ ಗೇಟಿನ ಮೇಲೆ ಬಣ್ಣದ ಫಲಕ ಬಂತು: ವಾಗ್ದೇವಿಯೇ ದನಿಯಾಗಿ ಬಂದು ಓದುಗರನ್ನು ಕಾಪಾಡಿದ ಪುಣ್ಯಸ್ಥಳವಿದು, ಯುಗಾದಿಯಂದು ವಿಶೇಷ ಪೂಜೆಯೊಂದಿಗೆ ಪುನರಾರಂಭ. ಬಿದ್ದ ಭಾಗಕ್ಕೆ ತಗಡು ಹೊದಿಸಿದ್ದಾರೆ. ಬೀಳದೆ ಉಳಿದ ಭಾಗ, ಮಕ್ಕಳ ವಿಭಾಗವಿರುವ ಭಾಗ, ಅದೇ ಬಿಳಿಯ ಫಾಲ್ಸ್ ಸೀಲಿಂಗಿನ ಕೆಳಗೆ ಹಾಗೇ ಇದೆ. ಅದಕ್ಕೆ ಹೊಸ ಬಣ್ಣ ಬಳಿದಿದ್ದಾರೆ.

ಕೇಳಲು ಹೋದಾಗ ಕಾರ್ಯದರ್ಶಿಗಳು ನನ್ನನ್ನು ಆದರದಿಂದಲೇ ಕೂರಿಸಿದರು. “ನೋಡಮ್ಮಾ, ದೇವರೇ ಕಾಪಾಡಿರೋವಾಗ ನೀನ್ಯಾಕೆ ತಪ್ಪು ಹುಡುಕ್ತೀಯ? ಒಂದು ಕೆಲಸ ಮಾಡು. ಆ ದನಿ ಕೇಳಿದ್ದನ್ನ ಚೆನ್ನಾಗಿ ಬರ್ಕೊಡು, ಸ್ಮರಣ ಸಂಚಿಕೆಗೆ ಹಾಕೋಣ. ನಿನ್ ಕಾದಂಬರಿಗೂ ಹೆಸರು ಬರತ್ತೆ” ಎಂದರು.

ಸ್ವಾಮಿ, ಬರೆದಿದ್ದೇನೆ. ನೀವು ಕೇಳಿದ ಬರಹ ಇದೇ. ಸ್ಮರಣ ಸಂಚಿಕೆಗೆ ಇದನ್ನು ಕೊಡುವುದಿಲ್ಲ, ಓದುಗರ ಮುಂದೆ ಇಡುತ್ತಿದ್ದೇನೆ. ಆ ದನಿ ಯಾರದೆಂಬ ಪ್ರಶ್ನೆ ನನ್ನದು. ಅದನ್ನು ಹೊತ್ತುಕೊಂಡೇ ನಾನು ಬದುಕಬಲ್ಲೆ. ಉತ್ತರ ಸಿಗದಿದ್ದರೂ ನನ್ನ ನಿದ್ದೆ ಕೆಡುವುದಿಲ್ಲ, ಏಕೆಂದರೆ ಎಲ್ಲರೂ ಬದುಕಿದ್ದಾರೆ. ತೊಲೆಗಳು ಕೊಳೆಯುತ್ತಿರುವುದು ಗೊತ್ತಿದ್ದೂ ಅವನ್ನು ಮುಚ್ಚಿದ್ದು ಯಾರೆಂಬ ಪ್ರಶ್ನೆ ನಿಮ್ಮದು. ಅದರಲ್ಲಿ ಯಾವ ವಿಚಿತ್ರವೂ ಇಲ್ಲ. ನನಗೆ ಅರ್ಥವಾಗದ ಒಂದು ಸಂಗತಿಯ ಹಿಂದೆ ನಿಮಗೆ ಚೆನ್ನಾಗಿ ಅರ್ಥವಾಗುವ ಒಂದು ಸಂಗತಿಯನ್ನು ಬಚ್ಚಿಡಲು ನಾನು ಬಿಡುವುದಿಲ್ಲ. ಮಕ್ಕಳ ವಿಭಾಗದಲ್ಲಿ ಮುಂದಿನ ಸಲ ‘ಚಟ್’ ಎಂದಾಗ ಜಗಲಿಯಲ್ಲಿ ಯಾರೂ ಓದದಿರಬಹುದು.

ಆದ್ದರಿಂದ ಟ್ರಸ್ಟಿನ ಅಧ್ಯಕ್ಷರು, ಕಾರ್ಯದರ್ಶಿಗಳು ಹಾಗೂ ಸಮಸ್ತ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಹೀಗಿದೆ. ಪುನರಾರಂಭಕ್ಕೆ ಮುನ್ನ ಉಳಿದ ಫಾಲ್ಸ್ ಸೀಲಿಂಗನ್ನು ಪೂರ್ತಿಯಾಗಿ ಕಳಚಿಸಬೇಕು. ಅರ್ಹ ಎಂಜಿನಿಯರೊಬ್ಬರಿಂದ ಕಟ್ಟಡವನ್ನೆಲ್ಲ ಪರೀಕ್ಷೆ ಮಾಡಿಸಿ, ಅವರ ವರದಿಯನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ, ಈಗ ವಾಗ್ದೇವಿಯ ಫಲಕವಿರುವ ಅದೇ ಗೇಟಿನ ಮೇಲೆ ಅಂಟಿಸಬೇಕು. ಓದುಗರ ದೂರುಗಳನ್ನು ಕಡೆಗಣಿಸಿ ಕಲೆಯನ್ನು ಮುಚ್ಚಿಸುವ ತೀರ್ಮಾನ ಕೈಗೊಂಡವರು ಯಾರು, ಅವರ ಮೇಲೆ ಏನು ಕ್ರಮವಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು.

ಆ ಉತ್ತರವನ್ನು ತಾವು ಯಾವ ಭಾನುವಾರ ಬೇಕಾದರೂ ತರಬಹುದು. ಲಲಿತಮ್ಮ ಟೀಚರ್ ಅದನ್ನು ಗಟ್ಟಿಯಾಗಿ ಓದುತ್ತಾರೆ. ತಾವು ನಮ್ಮ ಪದ್ಧತಿಯಂತೆ ಕಟ್ಟಕಡೆಯ ಕುರ್ಚಿಯಲ್ಲಿ, ನಮಗೆ ಬೆನ್ನು ಮಾಡಿ, ಏನನ್ನೂ ವಿವರಿಸದೆ ಕೂತಿರಬೇಕಾಗಿ ಕೋರುತ್ತೇನೆ. ವಿಶಾಲಾಕ್ಷಮ್ಮನವರು ನಡುಮಧ್ಯದಲ್ಲಿ ಕೂತು ಕೇಳುತ್ತಾರೆ. ಓದಿ ಮುಗಿಯುವವರೆಗೆ ಯಾರೂ ಏಳುವುದಿಲ್ಲ.